ಎಸಿ ಹಾಕಿದರೆ ಕಾರಿನ ಗಾಜಿನ ಮಂಜು ಹೋಗುತ್ತದೆಯೋ, ಬರುತ್ತದೆಯೋ?

ಕಳೆದ ಮಳೆಗಾಲ, ಜುಲೈ ತಿಂಗಳ ಒಂದು ಬೆಳಿಗ್ಗೆ. ನಾವು ಐದು ಜನ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಕೆಲಸದ ಮೇಲೆ ಉಜಿರೆಗೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಒದ್ದೆ ಛತ್ರಿಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು, ಕಿಟಕಿಗಳನ್ನೆಲ್ಲ ಏರಿಸಿ ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದೆವು. ಮೂರನೇ ತಿರುವು ಬರುವಷ್ಟರಲ್ಲಿ ಮುಂದಿನ ಗಾಜು ಮಬ್ಬಾಗತೊಡಗಿತು. ಮೊದಲು ಅಂಚುಗಳಲ್ಲಿ, ಆಮೇಲೆ ಮಧ್ಯದಲ್ಲಿ.

ಹಿಂದಿನ ಸೀಟಿನಿಂದ ಒಂದು ದನಿ: 'ಎಸಿ ಆಫ್ ಮಾಡಪ್ಪ, ಈ ಚಳಿಯಲ್ಲಿ ಯಾರಾದ್ರೂ ಎಸಿ ಹಾಕ್ತಾರಾ? ಅದರಿಂದಲೇ ಮಂಜು ಬರ್ತಿರೋದು.' ಪಕ್ಕದ ಸೀಟಿನಿಂದ ಇನ್ನೊಂದು: 'ಎಸಿ ಹಾಕೇ ಇಲ್ವಲ್ಲ! ಹಾಕಿದ್ರೆ ಹೋಗತ್ತೆ.' ಕಾರು ಓಡಿಸುತ್ತಿದ್ದ ಗೆಳೆಯ ಎರಡೂ ಮಾತನ್ನು ಬಿಟ್ಟು ಅಂಗೈಯಿಂದ ಗಾಜು ಒರೆಸಿದ. ಒರೆಸಿದ ಜಾಗದಲ್ಲಿ ಗೀರುಗೀರಾದ ಕಿಂಡಿಯೊಂದು ಮೂಡಿತು. ಅದೇ ಹೊತ್ತಿಗೆ ಎದುರಿನ ತಿರುವಿನಿಂದ ಒಂದು ಬಸ್ಸಿನ ಹೆಡ್‌ಲೈಟ್ ಬಿತ್ತು. ಆ ಗೀರುಗಳೆಲ್ಲ ಬೆಳಕಿನ ಎಳೆಗಳಾಗಿ ಹೊಳೆದು, ಎರಡು ಮೂರು ಸೆಕೆಂಡು ನಮಗೆ ರಸ್ತೆಯ ಅಂಚು ಯಾವುದು, ಬಸ್ಸು ಯಾವುದು ಎಂದು ತಿಳಿಯಲೇ ಇಲ್ಲ. ಬಸ್ಸಿನ ಚಾಲಕರು ದೀರ್ಘವಾಗಿ ಹಾರ್ನ್ ಹೊಡೆದು, ನಿಧಾನಿಸಿ, ನಮ್ಮನ್ನು ದಾಟಿಸಿಕೊಂಡು ಹೋದರು. ಏನೂ ಆಗಲಿಲ್ಲ. ಆದರೆ ಮುಂದೆ ಜಾಗ ಸಿಕ್ಕ ಕೂಡಲೇ ಕಾರು ನಿಲ್ಲಿಸಿದೆವು.

30 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 8 ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಮೂರು ಸೆಕೆಂಡು ಏನೂ ಕಾಣದಿದ್ದರೆ 25 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ. ಚಾರ್ಮಾಡಿಯಲ್ಲಿ ಅಷ್ಟು ದೂರದೊಳಗೆ ತಿರುವು ಮುಗಿದು ತಡೆಗೋಡೆ ಬಂದಿರುತ್ತದೆ.

ಹಾಗಾದರೆ ಅವತ್ತು ಕಾರಿನಲ್ಲಿ ಸರಿ ಹೇಳಿದವರು ಯಾರು? ವಿಚಿತ್ರವೆಂದರೆ ಇಬ್ಬರೂ ಸರಿ. ಎಸಿ ಗಾಜಿನ ಮಂಜನ್ನು ತೆಗೆಯುತ್ತದೆ, ಎಸಿಯಿಂದ ಗಾಜಿಗೆ ಮಂಜು ಬರುವುದೂ ಉಂಟು. ಮಂಜು ಗಾಜಿನ ಯಾವ ಬದಿಗೆ ಕೂತಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅವತ್ತಿನ ಒಂದೇ ಪ್ರಯಾಣದಲ್ಲಿ ನಮಗೆ ಎರಡೂ ಬಗೆ ಸಿಕ್ಕವು.

ಅದು ಮಂಜಲ್ಲ, ಇಬ್ಬನಿ

ಕನ್ನಡದಲ್ಲಿ ನಾವು ಬೆಟ್ಟದ ಮೇಲೆ ಕವಿಯುವುದನ್ನೂ ಮಂಜು ಎನ್ನುತ್ತೇವೆ, ಹಿಮಾಲಯದಲ್ಲಿ ಬೀಳುವುದನ್ನೂ ಮಂಜು ಎನ್ನುತ್ತೇವೆ, ಗಾಜಿಗೆ ಹಿಡಿಯುವುದನ್ನೂ ಮಂಜು ಎನ್ನುತ್ತೇವೆ. ಗಾಜಿನ ಮೇಲಿನದು ನಿಜಕ್ಕೂ ಇಬ್ಬನಿ. ಬೆಳಗಿನ ಹುಲ್ಲಿನ ಮೇಲೆ ಕೂರುವುದೂ, ತಣ್ಣೀರು ತುಂಬಿದ ಸ್ಟೀಲ್ ಚೊಂಬು 'ಬೆವರುವುದೂ', ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕ ಮಬ್ಬಾಗುವುದೂ ಇದೇ.

ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಎಷ್ಟು ಇರಬಹುದು ಎನ್ನುವುದಕ್ಕೆ ಮಿತಿ ಇದೆ, ಆ ಮಿತಿ ತಾಪಮಾನದೊಂದಿಗೆ ಬೇಗ ಏರುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ. ಆವಿ ತುಂಬಿಕೊಂಡ ಗಾಳಿ ತಣ್ಣಗಿನ ಗಾಜನ್ನು ಮುಟ್ಟಿದಾಗ ಅಲ್ಲಿಯೇ ತಣ್ಣಗಾಗುತ್ತದೆ, ಮಿತಿ ಕುಸಿಯುತ್ತದೆ, ಹೆಚ್ಚಾದ ಆವಿ ಹನಿಯಾಗಿ ಗಾಜಿಗೆ ಅಂಟುತ್ತದೆ. ಯಾವ ತಾಪಮಾನದಲ್ಲಿ ಹೀಗೆ ಹನಿಗಟ್ಟಲು ಶುರುವಾಗುತ್ತದೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಗಾಜಿನ ತಾಪಮಾನ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಮಂಜು, ಮೇಲಿದ್ದರೆ ಸ್ವಚ್ಛ ಗಾಜು. ಮಂಜು ಬಿಡಿಸುವ ಉಪಾಯಗಳಲ್ಲಿ ಹೆಚ್ಚಿನವು ಎರಡೇ ಕೆಲಸದಲ್ಲಿ ಒಂದನ್ನು ಮಾಡುತ್ತವೆ: ಗಾಳಿಯ ಆವಿಯನ್ನು ಕಡಿಮೆ ಮಾಡುವುದು, ಇಲ್ಲವೇ ಗಾಜನ್ನು ಬೆಚ್ಚಗೆ ಮಾಡುವುದು.

ಕಾರಿನೊಳಗೆ ಆವಿ ಎಲ್ಲಿಂದ ಬರುತ್ತದೆ? ಹೆಚ್ಚಿನ ಪಾಲು ನಮ್ಮಿಂದಲೇ. ಸುಮ್ಮನೆ ಕೂತ ವಯಸ್ಕರೊಬ್ಬರು ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾರೆ. ಐದು ಜನರಿಗೆ 200 ಗ್ರಾಂ, ಅಂದರೆ ದೊಡ್ಡದೊಂದು ಲೋಟ ನೀರು. ಸಣ್ಣ ಕಾರಿನ ಒಳಗಿನ ಜಾಗವಾದರೋ ಸುಮಾರು 3 ಘನ ಮೀಟರ್ ಅಷ್ಟೆ.

ನಮ್ಮ ಚಾರ್ಮಾಡಿಯ ಲೆಕ್ಕವನ್ನೇ ಹಾಕೋಣ. ಹೊರಗೆ 19 ಡಿಗ್ರಿ, ಮಳೆ ಸುರಿಯುತ್ತಿರುವುದರಿಂದ ಗಾಳಿಯ ತೇವಾಂಶ ಶೇ. 95 ಎಂದಿಟ್ಟುಕೊಳ್ಳಿ. ಆ ಗಾಳಿಯಲ್ಲಿ ಘನ ಮೀಟರಿಗೆ ಆಗಲೇ 15.5 ಗ್ರಾಂ ಆವಿ ಇದೆ. ಮಳೆಯ ಹೊಡೆತಕ್ಕೆ ಸಿಕ್ಕ ಗಾಜು ಹೆಚ್ಚೆಂದರೆ 20 ಡಿಗ್ರಿ ಇರಬಹುದು, ಅದರ ಮಿತಿ 17.3 ಗ್ರಾಂ. ಉಳಿದಿರುವ ಅಂತರ ಘನ ಮೀಟರಿಗೆ 2 ಗ್ರಾಮಿಗಿಂತ ಕಡಿಮೆ, ಇಡೀ ಕಾರಿಗೆ ಐದೂವರೆ ಗ್ರಾಂ. ಐದು ಜನ ನಿಮಿಷಕ್ಕೆ ಮೂರು ಗ್ರಾಮಿಗಿಂತ ಹೆಚ್ಚು ಆವಿ ಬಿಡುವಾಗ ಆ ಅಂತರ ತುಂಬಲು ಎರಡು ನಿಮಿಷವೂ ಬೇಡ. ನಿಜವಾದ ಕಾರಿನಲ್ಲಿ ಸಂದುಗಳಿಂದ ಗಾಳಿ ಒಳಹೊರಗೆ ಹೋಗುತ್ತಿರುವುದರಿಂದ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೆ ಒದ್ದೆ ಛತ್ರಿ, ಒದ್ದೆ ಜರ್ಕಿನ್, ನೆನೆದ ಮ್ಯಾಟ್‌ಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಒಂದು ಒದ್ದೆ ಜರ್ಕಿನ್ ಒಬ್ಬ ಹೆಚ್ಚುವರಿ ಪ್ರಯಾಣಿಕ ಇದ್ದ ಹಾಗೆ ಎಂದು ನಾವೀಗ ತಮಾಷೆ ಮಾಡಿಕೊಳ್ಳುತ್ತೇವೆ, ಒದ್ದೆ ಸಾಮಾನನ್ನೆಲ್ಲ ಕಟ್ಟಿಹಾಕಲು ಒಂದು ಪ್ಲಾಸ್ಟಿಕ್ ಚೀಲವನ್ನು ಡಿಕ್ಕಿಯಲ್ಲಿ ಇಟ್ಟಿರುತ್ತೇವೆ.

ಇಷ್ಟು ಸ್ವಲ್ಪ ನೀರು ಇಷ್ಟೊಂದು ಮಬ್ಬು ಮಾಡುವುದು ಹೇಗೆ ಎಂದು ಕೇಳಬಹುದು. ನೀರು ಪಾರದರ್ಶಕವೇ. ಗಾಜಿನ ಮೇಲೆ ಸಮನಾದ ಪದರವಾಗಿ ಹರಡಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಅದು ಲೆಕ್ಕವಿಲ್ಲದಷ್ಟು ಪುಟ್ಟ ಗುಮ್ಮಟಗಳಾಗಿ ಕೂರುತ್ತದೆ. ಒಂದೊಂದು ಗುಮ್ಮಟವೂ ಒಂದೊಂದು ಮಸೂರ, ಬೆಳಕನ್ನು ತನಗೆ ತೋಚಿದತ್ತ ಚೆದುರಿಸುತ್ತದೆ. ಈ ಸಂಗತಿ ನೆನಪಿರಲಿ, ಶಾಂಪೂ ಮತ್ತು ಆಲೂಗಡ್ಡೆಯ ವಿಚಾರ ಬಂದಾಗ ಬೇಕಾಗುತ್ತದೆ.

ಎಸಿ ಎಂದರೆ ತಂಪು ಮಾತ್ರವಲ್ಲ

ನಮ್ಮಲ್ಲಿ ಬಹಳ ಜನರಿಗೆ ಎಸಿ ಬಟನ್ ಎಂದರೆ 'ತಣ್ಣನೆ ಗಾಳಿ' ಬಟನ್. ಮಳೆಗಾಲದ ಘಾಟಿಯಲ್ಲಿ ಅದನ್ನು ಒತ್ತುವುದು ಹುಚ್ಚುತನವೆನಿಸುವುದು ಅದಕ್ಕೇ. ಮನೆಯ ಹಿರಿಯರಿಗೆ ನೆಗಡಿ, ಶೀತದ ಭಯ. ಚಾಲಕನಿಗೆ ಮೈಲೇಜಿನ ಚಿಂತೆ.

ಆದರೆ ಎಸಿ ಮೂಲತಃ ಗಾಳಿಯನ್ನು ಒಣಗಿಸುವ ಯಂತ್ರವೂ ಹೌದು. ಡ್ಯಾಶ್‌ಬೋರ್ಡಿನ ಹಿಂದೆ ಎವಾಪರೇಟರ್ ಎಂಬ ತಣ್ಣನೆಯ ಲೋಹದ ಜಾಲರಿ ಇರುತ್ತದೆ. ಅದು ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಫ್ಯಾನ್ ತಳ್ಳಿದ ಗಾಳಿ ಮೊದಲು ಇದರ ಮೂಲಕ ಹಾದುಹೋಗಬೇಕು. ಗಾಜಿನ ಮೇಲೆ ಕೂರಬೇಕಿದ್ದ ಇಬ್ಬನಿ ಆಗ ಜಾಲರಿಯ ಮೇಲೆ ಕೂರುತ್ತದೆ, ಅಲ್ಲಿಂದ ಕೊಳವೆಯಲ್ಲಿ ಇಳಿದು ಕಾರಿನ ಅಡಿಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ನೀರು ಸೋರುವುದನ್ನು ಕಂಡು ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿದವರು ನಮ್ಮಲ್ಲೂ ಇದ್ದಾರೆ. ಅದು ಗಾಳಿಯಿಂದ ಹಿಂಡಿ ತೆಗೆದ ನೀರು ಅಷ್ಟೆ.

ಎವಾಪರೇಟರ್ ದಾಟಿದ ಮೇಲೆ ಗಾಳಿಯ ದಾರಿಯಲ್ಲಿ ಇನ್ನೊಂದು ಜಾಲರಿ ಇದೆ, ಅದು ಹೀಟರ್. ಎಂಜಿನ್ ತಂಪು ಮಾಡಿ ಬಿಸಿಯಾದ ಕೂಲಂಟ್ ಅದರಲ್ಲಿ ಹರಿಯುತ್ತದೆ. ತಾಪಮಾನದ ನಾಬ್ ಅನ್ನು ಕೆಂಪಿನ ಕಡೆ ತಿರುಗಿಸಿದಾಗ ಒಣಗಿದ ಗಾಳಿ ಈ ಜಾಲರಿಯ ಮೂಲಕ ಹೋಗಿ ಬೆಚ್ಚಗಾಗಿ ಹೊರಬರುತ್ತದೆ. ಅಂದರೆ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಬಳಸಬಹುದು, ಬಳಸಬೇಕು. 'ಎಸಿ ಆನ್, ನಾಬ್ ಕೆಂಪಿನಲ್ಲಿ' ಎಂಬ ಜೋಡಿ ವಿರೋಧಾಭಾಸದಂತೆ ಕೇಳಿಸಿದರೂ ಕಾರು ತಯಾರಾಗಿರುವುದೇ ಹಾಗೆ. ಹೀಗೆ ಮಾಡಿದರೆ ಹಿಂದೆ ಕೂತ ಅಜ್ಜಿಗೂ ಚಳಿಯಾಗುವುದಿಲ್ಲ.

ಅಂಕಿಯಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ಘಾಟಿಯ 19 ಡಿಗ್ರಿಯ ಒದ್ದೆ ಗಾಳಿಯನ್ನು ಹೀಟರ್ ಮಾತ್ರ ಹಾಕಿ 30 ಡಿಗ್ರಿಗೆ ಏರಿಸಿದರೆ ಅದರ ತೇವಾಂಶ ಶೇ. 50ರ ಆಸುಪಾಸಿಗೆ ಇಳಿಯುತ್ತದೆ. ಪರವಾಗಿಲ್ಲ, ಕೆಲಸ ನಡೆಯುತ್ತದೆ, ಆದರೆ ನಿಧಾನ. ಅದೇ ಗಾಳಿಯನ್ನು ಮೊದಲು ಎವಾಪರೇಟರ್ ಮೂಲಕ ಹಾಯಿಸಿ ಆಮೇಲೆ 30 ಡಿಗ್ರಿಗೆ ತಂದರೆ ಶೇ. 25ರ ಹತ್ತಿರ. ಬಾಯಾರಿದ ಆ ಗಾಳಿ ಗಾಜಿಗೆ ತಾಗಿದರೆ ಹನಿಗಳನ್ನು ಹೀರಿಕೊಂಡು ಹೋಗುತ್ತದೆ. ನಾವು ಕಾರು ನಿಲ್ಲಿಸಿ ಇದನ್ನೇ ಮಾಡಿದೆವು. ಎಸಿ ಆನ್, ನಾಬ್ ಕೆಂಪಿಗೆ, ಫ್ಯಾನ್ ಜೋರಾಗಿ, ಗಾಳಿಯ ದಿಕ್ಕು ಮುಂದಿನ ಗಾಜಿಗೆ. ಗಾಜಿನ ಬುಡದಿಂದ ಮೇಲಕ್ಕೆ ಮಬ್ಬು ಸರಿಯುತ್ತಾ ಹೋಯಿತು. ಹಿಂದಿನ ಸೀಟಿನ ದನಿ ಸುಮ್ಮನಾಯಿತು, ತಾತ್ಕಾಲಿಕವಾಗಿ.

ಮೈಲೇಜಿನ ಬಗ್ಗೆ ಒಂದು ಮಾತು. ಎಸಿಯ ಕಂಪ್ರೆಸರ್ ಎಂಜಿನ್‌ನಿಂದ ಶಕ್ತಿ ಪಡೆಯುತ್ತದೆ, ಇಂಧನ ಸ್ವಲ್ಪ ಹೆಚ್ಚು ಹೋಗುವುದು ನಿಜ. ಆದರೆ ಘಾಟಿ ದಾಟುವ ಅರ್ಧ, ಮುಕ್ಕಾಲು ಗಂಟೆಗೆ ಅದನ್ನು ಉಳಿಸಲು ಹೋಗಿ ರಸ್ತೆ ಕಾಣದೆ ಓಡಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ಮರೆತುಹೋಗುವ ಇನ್ನೊಂದು ಬಟನ್ ಇದೆ, ಕಾರಿನ ಚಿತ್ರದೊಳಗೆ ಬಾಣ ಸುತ್ತಿಕೊಂಡಿರುವಂಥದ್ದು. ಅದು ಒಳಗಿನ ಗಾಳಿಯನ್ನೇ ತಿರುತಿರುಗಿ ಸುತ್ತಿಸುತ್ತದೆ. ಬೆಂಗಳೂರಿನ ಹೊಗೆ, ದೂಳಿಗೆ ಹೆದರಿ ನಾವು ಅದನ್ನು ವರ್ಷವಿಡೀ ಆನ್ ಮಾಡಿಟ್ಟು ಮರೆತುಬಿಡುತ್ತೇವೆ. ಎಸಿ ಓಡುತ್ತಿರುವಾಗ ಅದರಿಂದ ದೊಡ್ಡ ತೊಂದರೆಯಿಲ್ಲ, ಸುತ್ತುವ ಗಾಳಿಯೂ ಎವಾಪರೇಟರ್ ಮೂಲಕ ಹೋಗಿ ಒಣಗುತ್ತದೆ. ಎಸಿ ಆಫ್ ಆಗಿದ್ದು ಈ ಬಟನ್ ಆನ್ ಆಗಿದ್ದರೆ ಮಾತ್ರ ನಮ್ಮ ಉಸಿರಿನ ಆವಿಗೆ ಹೊರಹೋಗುವ ದಾರಿಯೇ ಇಲ್ಲ. ನಮ್ಮ ಕಾರಿನಲ್ಲಿ ಅವತ್ತು ಆಗಿದ್ದದ್ದು ಇದೇ. ಗಾಜು ಮಬ್ಬಾಗತೊಡಗಿದರೆ ಆ ಬಟನ್ ಆಫ್ ಮಾಡಿ ಹೊರಗಿನ ಗಾಳಿ ಒಳಬರುವಂತೆ ಮಾಡುವುದು ಒಳ್ಳೆಯದು. ಬಾಗಿದ ಗಾಜಿನ ಮೇಲೆ ಮೂರು ಅಲೆಯಲೆ ಬಾಣಗಳಿರುವ ಡಿಫಾಗರ್ ಗುರುತು ನಿಮ್ಮ ಕಾರಿನಲ್ಲಿ ಬಟನ್ ರೂಪದಲ್ಲಿದ್ದರೆ, ಹಲವು ಕಾರುಗಳಲ್ಲಿ ಅದೊಂದನ್ನು ಒತ್ತಿದರೆ ಸಾಕು. ಎಸಿ, ಹೊರಗಾಳಿ, ಫ್ಯಾನ್ ಎಲ್ಲವೂ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಎಸಿ ಆರಿಸಿದ ಮರುಕ್ಷಣ

ಗಾಜು ತಿಳಿಯಾದ ಕೂಡಲೇ ನಾವು ಮಾಡಿದ ತಪ್ಪು, ಎಸಿ ಆಫ್ ಮಾಡಿದ್ದು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮಬ್ಬು ಮತ್ತೆ ಬಂತು, ಮೊದಲಿಗಿಂತ ಬೇಗ. 'ನೋಡಿದ್ಯಾ, ಎಸಿ ಹಾಕಿದ್ದಕ್ಕೇ ಹೀಗಾಗಿದ್ದು' ಎಂದಿತು ಹಿಂದಿನ ಸೀಟು.

ಇದರಲ್ಲಿ ಅರ್ಧ ಸತ್ಯವಿದೆ. ಎಸಿ ಓಡುತ್ತಿದ್ದಾಗ ಎವಾಪರೇಟರ್ ಮೈಯೆಲ್ಲ ನೀರು. ಕಂಪ್ರೆಸರ್ ನಿಂತರೆ ಅದು ಬೆಚ್ಚಗಾಗುತ್ತದೆ, ಫ್ಯಾನ್ ಮಾತ್ರ ಗಾಳಿ ತಳ್ಳುತ್ತಲೇ ಇರುತ್ತದೆ. ಆಗ ಆ ನೀರೆಲ್ಲ ಮತ್ತೆ ಆವಿಯಾಗಿ, ಡಿಫಾಗರ್ ಕಿಂಡಿಯಿಂದ ನೇರವಾಗಿ ಗಾಜಿನ ಮೇಲೆ ಹೋಗುತ್ತದೆ. ಅಷ್ಟು ಹೊತ್ತು ಹಿಂಡಿದ ಬಟ್ಟೆಯನ್ನು ಅಲ್ಲೇ ಹರವಿದ ಹಾಗೆ. ಆದ್ದರಿಂದ ಘಾಟಿಯಲ್ಲಿರುವಷ್ಟು ಹೊತ್ತು ಎಸಿ ಓಡುತ್ತಲೇ ಇರಲಿ, ಬೇಕಿದ್ದರೆ ಫ್ಯಾನ್ ವೇಗ ಕಡಿಮೆ ಮಾಡಿ. ಆನ್-ಆಫ್ ಆಟ ಆಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಎಸಿ ಮಂಜು ತರಿಸುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿ ಗಟ್ಟಿಯಾಗಲು ಈ ಮರುಕ್ಷಣದ ಮಬ್ಬೇ ಕಾರಣವಿರಬೇಕು ಎಂದು ನಮಗನ್ನಿಸುತ್ತದೆ.

ಘಾಟಿ ಇಳಿದ ಮೇಲೆ ಆಟ ತಿರುಗುತ್ತದೆ

ಚಾರ್ಮಾಡಿ ಊರು ತಲುಪುವಷ್ಟರಲ್ಲಿ ಮಳೆ ನಿಂತಿತ್ತು, ಸೆಕೆ ಶುರುವಾಗಿತ್ತು. ನಾಬ್ ಅನ್ನು ಕೆಂಪಿನಿಂದ ನೀಲಿಗೆ ತಿರುಗಿಸಿದೆವು. ಗಾಳಿಯ ದಿಕ್ಕು ಮಾತ್ರ ಇನ್ನೂ ಗಾಜಿನ ಕಡೆಗೇ ಇತ್ತು. ಐದು ನಿಮಿಷದಲ್ಲಿ ಗಾಜಿನ ಕೆಳಭಾಗ ಬೆಳ್ಳಗಾಯಿತು. ಚಾಲಕ ಗೆಳೆಯ ಬಟ್ಟೆ ತೆಗೆದು ಒರೆಸಿದ, ಹೋಗಲಿಲ್ಲ. ಫ್ಯಾನ್ ಜೋರು ಮಾಡಿದ, ಬಿಳಿ ಪಟ್ಟಿ ಇನ್ನಷ್ಟು ಮೇಲೇರಿತು.

ಆಗ ಯಾರೋ ವೈಪರ್ ಹಾಕು ಎಂದರು. ಒಂದೇ ಬೀಸಿಗೆ ಗಾಜು ಸ್ವಚ್ಛ. ಇಬ್ಬನಿ ಹೊರಬದಿಯಲ್ಲಿತ್ತು.

ಘಟ್ಟದ ಕೆಳಗೆ ಮಳೆಗಾಲದ ಗಾಳಿ 26 ಡಿಗ್ರಿಯ ಆಸುಪಾಸು ಇದ್ದು, ಆವಿಯಿಂದ ಹೆಚ್ಚುಕಮ್ಮಿ ತುಂಬಿಹೋಗಿರುತ್ತದೆ. ಅದರ ಇಬ್ಬನಿ ಬಿಂದು 25 ಡಿಗ್ರಿ ಇರಬಹುದು. ಒಳಗಿನಿಂದ ನಾವು ಎಸಿಯ ತಣ್ಣನೆ ಗಾಳಿಯನ್ನು ನೇರವಾಗಿ ಗಾಜಿಗೆ ಬಡಿಯುತ್ತಿದ್ದೆವು. ಗಾಜು 25 ಡಿಗ್ರಿಗಿಂತ ಕೆಳಗಿಳಿಯಿತು, ಹೊರಗಿನ ಗಾಳಿಯ ಪಾಲಿಗೆ ಅದು ತಣ್ಣೀರಿನ ಚೊಂಬಾಯಿತು. ಘಾಟಿಯಲ್ಲಿ ಕಾಪಾಡಿದ ಯಂತ್ರವೇ ಇಲ್ಲಿ ಮಂಜು ತರಿಸುತ್ತಿತ್ತು. ಹಿಂದಿನ ಸೀಟಿನ ಮಾತು ಈಗ ಪೂರ್ತಿ ಸರಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಹೊಸದೇನಲ್ಲ. ತಣ್ಣನೆಯ ಎಸಿ ಬಸ್ಸಿನಿಂದ ಇಳಿದ ಕೂಡಲೇ ಕನ್ನಡಕ ಮಬ್ಬಾಗುವುದು ಅಲ್ಲಿ ದಿನನಿತ್ಯದ ಅನುಭವ. ಇಂಥ ಹೊರಗಿನ ಮಂಜಿಗೆ ಮೊದಲು ವೈಪರ್, ಆಮೇಲೆ ಗಾಳಿಯ ದಿಕ್ಕನ್ನು ಗಾಜಿನಿಂದ ಮುಖ ಅಥವಾ ಕಾಲಿನ ಕಡೆಗೆ ತಿರುಗಿಸುವುದು, ತಾಪಮಾನ ಎರಡು ಮೂರು ಡಿಗ್ರಿ ಏರಿಸುವುದು. ಎಸಿ ಆರಿಸಬೇಕಿಲ್ಲ, ಅದರ ತಂಪು ಗಾಜಿಗೆ ತಾಗದಿದ್ದರೆ ಸಾಕು. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಯಲಲ್ಲಿ ನಿಲ್ಲಿಸಿದ ಕಾರಿನ ಗಾಜು ತೊಯ್ದಿರುವುದೂ ಹೊರಗಿನ ಇಬ್ಬನಿಯೇ. ರಾತ್ರಿ ತೆರೆದ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗಿರುತ್ತದೆ. ಅದಕ್ಕೂ ವೈಪರ್ ಸಾಕು.

ಯಾವ ಬದಿ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಪಕ್ಕದಲ್ಲಿ ಕೂತವರು ಒಳಗಿನಿಂದ ಬೆರಳ ತುದಿಯಲ್ಲಿ ಗಾಜಿನ ಮೂಲೆಯನ್ನು ಮುಟ್ಟಿ ನೋಡಲಿ. ಗೆರೆ ಮೂಡಿದರೆ ಒಳಗಿನದು, ಮೂಡದಿದ್ದರೆ ಹೊರಗಿನದು. ಒಬ್ಬರೇ ಇದ್ದರೆ ವೈಪರ್ ಒಮ್ಮೆ ಬೀಸಿ.

ಹಿಮದ ನಾಡಿನ ವಿಡಿಯೊ ನಮ್ಮ ಘಾಟಿಗೆ ಹೊಂದುತ್ತದೆಯೇ?

ಗಾಜಿನ ಮಂಜಿನ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕ, ಕೆನಡಾ, ಯುರೋಪಿನ ಚಳಿಗಾಲಕ್ಕೆ ಬರೆದವು. ಅಲ್ಲಿರುವ ಕನ್ನಡಿಗರಿಗೆ ಅವು ಸರಿಯಾಗಿಯೇ ಹೊಂದುತ್ತವೆ. ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಗಾಳಿ ಎಷ್ಟೇ ತೇವವಾಗಿದ್ದರೂ ಘನ ಮೀಟರಿಗೆ 5 ಗ್ರಾಮಿಗಿಂತ ಹೆಚ್ಚು ಆವಿ ಇರಲು ಸಾಧ್ಯವಿಲ್ಲ. ಅದನ್ನು ಒಳಗೆಳೆದು 20 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 28ಕ್ಕೆ ಇಳಿಯುತ್ತದೆ. ಎಸಿಯೇ ಬೇಡ, ಹೊರಗಾಳಿ ಮತ್ತು ಹೀಟರ್ ಸಾಕು. ಕೊರೆಯುವ ಚಳಿಯಲ್ಲಿ ಅನೇಕ ಕಾರುಗಳ ಎಸಿ ಕಂಪ್ರೆಸರ್ ಓಡುವುದೂ ಇಲ್ಲ. ಅಲ್ಲಿನ ನಿಜವಾದ ತೊಂದರೆ ಎಂಜಿನ್ ಬಿಸಿಯಾಗುವವರೆಗೆ ಹೀಟರ್ ಬಿಸಿ ಗಾಳಿ ಕೊಡದಿರುವುದು, ಮತ್ತು ಹೊರಗೆ ಗಟ್ಟಿಯಾದ ಹಿಮದ ಪದರ. ಅದರ ಮೇಲೆ ಕುದಿನೀರು ಸುರಿಯಬೇಡಿ, ಗಾಜು ಬಿರಿಯಬಹುದು.

ನಮ್ಮ ಆಗುಂಬೆ, ಶಿರಾಡಿ, ಮಡಿಕೇರಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯಲ್ಲೇ ಅದರ ಮೂರರಷ್ಟು ಆವಿ ಇರುತ್ತದೆ. 'ಹೊರಗಾಳಿ ಬಿಟ್ಟು ಹೀಟರ್ ಹಾಕಿ' ಎಂಬ ಸಲಹೆ ಇಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಇಲ್ಲಿ ಗಾಳಿಯನ್ನು ಒಣಗಿಸಲೇಬೇಕು.

ಆಲೂಗಡ್ಡೆ, ತಂಬಾಕು, ಶಾಂಪೂ

ಮಳೆಗಾಲ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಹೆಚ್ಚಿದ ಆಲೂಗಡ್ಡೆಯನ್ನು ಗಾಜಿಗೆ ಉಜ್ಜುವ ವಿಡಿಯೊ ತಪ್ಪದೆ ಬರುತ್ತದೆ. ಲಾರಿ ಚಾಲಕರು ಬೀಡಿ, ಸಿಗರೇಟಿನ ತಂಬಾಕನ್ನು ಗಾಜಿಗೆ ಉಜ್ಜುವುದನ್ನೂ ನೀವು ನೋಡಿರಬಹುದು. ಇವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ನಾವು ತಯಾರಿಲ್ಲ. ಹನಿಗಳು ಗುಮ್ಮಟವಾಗಿ ಕೂರುವುದರಿಂದ ಮಬ್ಬಾಗುತ್ತದೆ ಎಂದೆವಲ್ಲ? ಗಾಜಿನ ಮೇಲೆ ನೀರನ್ನು ಎಳೆದು ಹರಡಿಸುವ ಪದಾರ್ಥವೊಂದರ ತೆಳು ಲೇಪ ಇದ್ದರೆ ಹನಿಗಳು ಗುಮ್ಮಟ ಕಟ್ಟದೆ ಸಮನಾದ ಪದರವಾಗುತ್ತವೆ, ಅದರ ಮೂಲಕ ಕಾಣಿಸುತ್ತದೆ. ಸೋಪು, ಶಾಂಪೂ, ಶೇವಿಂಗ್ ಫೋಮ್ ಇವೆಲ್ಲ ಮಾಡುವುದು ಇದನ್ನೇ. ಈಜುವವರು ಕನ್ನಡಕಕ್ಕೆ ಉಗುಳು ಸವರುವುದೂ ಅದಕ್ಕೇ.

ಬಾಹ್ಯಾಕಾಶದಲ್ಲೂ ಇದೇ ಗೋಳು ನಡೆದಿದೆ. 1966ರ ಜೂನ್‌ನಲ್ಲಿ ಜೆಮಿನಿ 9 ಯಾನದ ಗಗನಯಾತ್ರಿ ಯುಜೀನ್ ಸರ್ನನ್ ನೌಕೆಯ ಹೊರಗೆ ಎರಡು ಗಂಟೆಗೂ ಹೆಚ್ಚು ಕಾಲ ಇದ್ದರು. ಕೆಲಸದ ಶ್ರಮಕ್ಕೆ ಮೈ ಬೆವರಿತು, ಉಡುಪಿನ ತಂಪು ವ್ಯವಸ್ಥೆಗೆ ಅಷ್ಟು ತೇವವನ್ನು ನಿಭಾಯಿಸಲಾಗಲಿಲ್ಲ, ಶಿರಸ್ತ್ರಾಣದ ಗಾಜು ಒಳಗಿನಿಂದ ಮುಚ್ಚಿಹೋಯಿತು. ಒರೆಸಲು ಕೈ ಒಳಗೆ ಹೋಗುವಂತಿಲ್ಲ. ಮೂಗಿನ ತುದಿಯಿಂದ ಉಜ್ಜಿ ಸಣ್ಣ ಕಿಂಡಿ ಮಾಡಿಕೊಂಡರು. ಬೆನ್ನಿಗೆ ಕಟ್ಟಿಕೊಂಡು ಹಾರುವ ಯಂತ್ರದ ಪ್ರಯೋಗವನ್ನು ಕೈಬಿಟ್ಟು ಒಳಗೆ ಮರಳಬೇಕಾಯಿತು. ಆಮೇಲೆ ನಾಸಾ ರೂಪಿಸಿದ ಮಂಜುನಿರೋಧಕ ಲೇಪದಲ್ಲಿದ್ದದ್ದು ದ್ರವ ಡಿಟರ್ಜೆಂಟ್, ನೀರು ಮತ್ತು ಬೆಂಕಿ ಹತ್ತದ ಒಂದು ಬಗೆಯ ಎಣ್ಣೆ. ಶಾಂಪೂವಿನ ದೂರದ ನೆಂಟನೇ.

ಹಾಗಂತ ಆಲೂಗಡ್ಡೆಗೆ ನಮ್ಮ ಶಿಫಾರಸು ಇಲ್ಲ. ಅದರ ಪಿಷ್ಟ ಒಣಗಿ ಗಾಜಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಹಗಲಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದರೆ ಇಡೀ ಗಾಜು ಹೊಳೆಯುತ್ತದೆ. ತಂಬಾಕಿಗೂ ಅದೇ ಮಾತು. ಶೇವಿಂಗ್ ಫೋಮ್ ಬಳಸುವುದಾದರೆ ಒಳಬದಿಗೆ ತೆಳ್ಳಗೆ ಸವರಿ, ಒಣಬಟ್ಟೆಯಿಂದ ಕಲೆ ಕಾಣದಷ್ಟು ಪೂರ್ತಿ ಒರೆಸಿ ತೆಗೆಯಬೇಕು. ಕೆಲವು ದಿನಕ್ಕೆ ಪರಿಣಾಮ ಕರಗುತ್ತದೆ. ಇದಕ್ಕಿಂತ ಸರಳವಾದದ್ದು, ಬಹಳ ಜನ ಮಾಡದೇ ಇರುವುದು, ಒಳಗಿನ ಗಾಜನ್ನು ತೊಳೆಯುವುದು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ, ಕೈಯ ಜಿಡ್ಡು, ದೂಳು ಎಲ್ಲ ಸೇರಿ ಅಲ್ಲೊಂದು ಜಿಡ್ಡಿನ ಪದರ ಕಟ್ಟಿರುತ್ತದೆ. ಹನಿಗಳು ಕೂರಲು ಅದು ಹೇಳಿಮಾಡಿಸಿದ ಜಾಗ. ಅಂಗೈಯಿಂದ ಒರೆಸಿದಾಗಲೆಲ್ಲ ನಾವು ಅದಕ್ಕೆ ಇನ್ನಷ್ಟು ಜಿಡ್ಡು ಸೇರಿಸುತ್ತೇವೆ. ಒರೆಸಲೇಬೇಕಾದರೆ ಕಾರು ನಿಲ್ಲಿಸಿ, ಶುದ್ಧವಾದ ಒಣಬಟ್ಟೆಯಿಂದ.

ಸಿಲಿಕಾ ಜೆಲ್ ಅಥವಾ ಅಕ್ಕಿ ತುಂಬಿದ ಕಾಲುಚೀಲವನ್ನು ಡ್ಯಾಶ್‌ಬೋರ್ಡಿನ ಮೇಲಿಡುವ ಉಪಾಯವೂ ಓಡಾಡುತ್ತಿದೆ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ನೀರು ಹಿಡಿಯಬಲ್ಲದು. 100 ಗ್ರಾಂ ಪೊಟ್ಟಣ ಎಂದರೆ ಸುಮಾರು 33 ಗ್ರಾಂ, ಐದು ಜನ ಹತ್ತು ನಿಮಿಷದಲ್ಲಿ ಬಿಡುವಷ್ಟು. ರಾತ್ರಿ ನಿಂತ ಕಾರಿಗೆ ಸ್ವಲ್ಪ ಉಪಯೋಗ, ಪ್ರಯಾಣಕ್ಕೆ ಅಲ್ಲ. ಅಕ್ಕಿಯನ್ನು ಅಡುಗೆಮನೆಯಲ್ಲೇ ಬಿಡಿ.

ಎಸಿ ಇಲ್ಲದಿದ್ದರೆ, ಎಸಿಯಿದ್ದೂ ಹೋಗದಿದ್ದರೆ

ಹಳೆಯ ಕಾರು, ಕೆಟ್ಟ ಎಸಿ, ಆಟೊ, ಬಸ್ಸು ಇವಕ್ಕೆಲ್ಲ ಉಳಿದಿರುವುದು ಹಳೆಯ ದಾರಿಯೇ. ಎರಡು ಬದಿಯ ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸುವುದು. ಐವತ್ತು ಜನ ತುಂಬಿದ ಬಸ್ಸಿನಲ್ಲಿ ಗಂಟೆಗೆ ಎರಡು ಕಿಲೋ ನೀರು ಉಸಿರು ಮತ್ತು ಮೈಯಿಂದಲೇ ಗಾಳಿಗೆ ಸೇರುತ್ತಿರುತ್ತದೆ. ಘಾಟಿಯಲ್ಲಿ ಚಾಲಕರು ಪಕ್ಕದ ಕಿಟಕಿ ತೆರೆದು ಒಂದು ತೋಳು ನೆನೆಸಿಕೊಂಡೇ ಓಡಿಸುವುದು ಸುಮ್ಮನೆ ಅಲ್ಲ. ಹೊರಗಾಳಿ ಒದ್ದೆಯಾಗಿದ್ದರೂ ಒಳಗಿನಷ್ಟು ಒದ್ದೆಯಲ್ಲ, ಜೊತೆಗೆ ಒಳಗೂ ಹೊರಗೂ ತಾಪಮಾನ ಒಂದೇ ಆದಾಗ ಹನಿಗಟ್ಟುವುದು ಕಡಿಮೆಯಾಗುತ್ತದೆ.

ಹಿಂದಿನ ಗಾಜಿನ ಕಂದು ಗೆರೆಗಳು ವಿದ್ಯುತ್ತಿನಿಂದ ಬಿಸಿಯಾಗುವ ತಂತುಗಳು. ಆಯತದೊಳಗೆ ಬಾಣಗಳಿರುವ ಬಟನ್ ಒತ್ತಿದರೆ ಕೆಲವು ನಿಮಿಷದಲ್ಲಿ ಮಬ್ಬು ಆರುತ್ತದೆ. ಅವು ಗಾಜಿನ ಒಳಮೈಯಲ್ಲಿರುವುದರಿಂದ ಉಗುರು, ಬ್ಲೇಡ್ ತಾಗಿಸಬಾರದು. ಒರೆಸುವಾಗ ಗೆರೆಗಳ ಉದ್ದಕ್ಕೇ ಒರೆಸಬೇಕು. ಒಂದು ಕಡೆ ತುಂಡಾದರೂ ಆ ಗೆರೆ ಪೂರ್ತಿ ಸತ್ತ ಹಾಗೆ.

ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಬಿಸಿಲಿನ ದಿನ, ಒಬ್ಬರೇ ಕೂತ ಕಾರಿನಲ್ಲಿ ಗಾಜು ಪದೇ ಪದೇ ಮಬ್ಬಾಗುತ್ತಿದ್ದರೆ ನೀರು ಬೇರೆಲ್ಲಿಂದಲೋ ಬರುತ್ತಿದೆ. ಕಾಲಬುಡದ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿದ್ದರೆ, ಬಾಗಿಲಿನ ರಬ್ಬರ್ ಸವೆದಿದ್ದರೆ ಅಲ್ಲಿ ನೀರು ನಿಂತಿರುತ್ತದೆ. ಫ್ಯಾನ್ ಜೋರಾಗಿದ್ದೂ ಗಾಳಿ ಕಡಿಮೆ ಬಂದರೆ ಕ್ಯಾಬಿನ್ ಫಿಲ್ಟರ್ ತುಂಬಿಹೋಗಿದೆ ಎಂದರ್ಥ. ಗಾಜಿನ ಮೇಲೆ ಎಣ್ಣೆಯಂಥ ಪದರ ಬಂದು, ಒರೆಸಿದರೂ ಹೋಗದೆ, ಒಳಗೆ ಸಿಹಿಸಿಹಿ ವಾಸನೆ ಬಂದರೆ ಅದು ಇಬ್ಬನಿಯಲ್ಲ. ಹೀಟರ್ ಜಾಲರಿ ತೂತಾಗಿ ಕೂಲಂಟ್ ಆವಿಯಾಗುತ್ತಿರಬಹುದು. ಕೂಲಂಟ್ ಖಾಲಿಯಾದರೆ ಎಂಜಿನ್ ಕೆಡುತ್ತದೆ, ಆ ಆವಿ ಉಸಿರಾಡಲೂ ಒಳ್ಳೆಯದಲ್ಲ. ಕಿಟಕಿ ಇಳಿಸಿಕೊಂಡು ಹತ್ತಿರದ ಗ್ಯಾರೇಜಿಗೆ ಹೋಗಿ.

ಸಂಜೆ ನಾವು ಅದೇ ಘಾಟಿ ಹತ್ತಿ ವಾಪಸಾದೆವು. ಕೆಳಗೆ ಹೊರಡುವಾಗ ಗಾಳಿ ಮುಖದ ಕಡೆಗಿತ್ತು, ಅರ್ಧ ದಾರಿಯಲ್ಲಿ ಮಳೆ ಶುರುವಾದಾಗ ಅದನ್ನು ಗಾಜಿಗೆ ತಿರುಗಿಸಿ, ನಾಬ್ ಅನ್ನು ಕೆಂಪಿಗೆ ತಂದೆವು. ಛತ್ರಿಗಳು ಈ ಸಲ ಡಿಕ್ಕಿಯಲ್ಲಿದ್ದವು.